ಮಡಿಕೆ ತಿದ್ದುವವರ ಪುಟ

ಒಂದು ರಾಜ್ಯದ ಹೊರ ಅಂಚಿನಲ್ಲಿ, ಮೈಗೆ ತೊಗಲಿದ್ದ ಹಾಗೆ, ಒಂದು ಪಟ್ಟಣವಿತ್ತು. ಬಿಸಿಲು, ಗಾಳಿ, ಧೂಳು ಏನೇ ಬಂದರೂ ಮೊದಲು ತಾಗುತ್ತಿದ್ದುದು ಅದಕ್ಕೇ. ಅಲ್ಲಿಯ ಕಚೇರಿಯ ದೊಡ್ಡ ಪುಸ್ತಕದಲ್ಲಿ ಊರಿನ ಪ್ರತಿಯೊಂದು ಕೆಲಸದ ಕ್ರಮವೂ ಬರೆದಿತ್ತು. ನಕಲುಗಾರ್ತಿ ಅಮೃತವ್ವ ದಿನಕ್ಕೆ ಬೇಕಾದ ಪುಟಗಳನ್ನಷ್ಟೇ ನಕಲು ಮಾಡಿ ಕಾರ್ಖಾನೆಗಳಿಗೆ ಕಳಿಸುತ್ತಿದ್ದಳು. ಹೆಚ್ಚಾಗಿ ಅವು ಗೋಡೆ ಕಟ್ಟುವ ಪುಟಗಳು.

ಒಂದು ಬೆಳಿಗ್ಗೆ ಸೆಖೆ ಏರಿತು. ಏನೂ ಸುಡಲಿಲ್ಲ, ಹೊಗೆಯಾಡಲಿಲ್ಲ. ಆದರೆ ಆ ಊರಿನ ಸಾಮಾನುಗಳೆಲ್ಲ ತಾಳೆಯೋಲೆ ಮಡಚಿ ಮಾಡಿದಂಥವು. ಸೆಖೆಗೆ ಮಡಿಕೆಗಳು ಸಡಿಲಾದವು. ಬುಟ್ಟಿಗಳು ಚಾಪೆಯಾದವು. ಬಿಚ್ಚಿಕೊಂಡ ಓಲೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬೀದಿಗೆ ಅಡ್ಡಬಿದ್ದವು. ಅಮೃತವ್ವನಿಗೆ ದಿಗಿಲಾಯಿತು. ಗೋಡೆಯ ಪುಟಗಳನ್ನು ಬದಿಗಿಟ್ಟು, ಅಪರೂಪಕ್ಕೆ ತೆರೆಯುವ ಒಂದು ಪುಟ ಹುಡುಕಿದಳು. ಮಡಿಕೆ ತಿದ್ದುವವರನ್ನು ಹೇಗೆ ತಯಾರು ಮಾಡಬೇಕೆಂದು ಅದರಲ್ಲಿತ್ತು. ಬೆರಳು ಮರಗಟ್ಟುವ ತನಕ ಅದನ್ನೇ ನಕಲು ಮಾಡಿ ಕಾರ್ಖಾನೆಗಳಿಗೆ ಕಳಿಸಿದಳು. ಮಧ್ಯಾಹ್ನಕ್ಕೆ ಅಲ್ಲಿ ತಯಾರಾದ ತಿದ್ದುವವರು ಬೀದಿಗಿಳಿದು, ಬಿಚ್ಚಿದ್ದನ್ನೆಲ್ಲ ಹಿಡಿದು ಮೊದಲಿನಂತೆ ಮಡಚಿದರು.

ಸಂಜೆ ಪಾರುಪತ್ಯಗಾರ ಮಲ್ಲರಸಯ್ಯ ಬಂದು, ಗೋಡೆ ಒಂದು ಗೇಣೂ ಏಳಲಿಲ್ಲವೆಂದು ಸಿಡುಕಿದ. ಯಾರನ್ನು ಕೇಳಿ ಆ ಪುಟ ತೆರೆದೆ ಎಂದ.

"ಕೇಳುವಷ್ಟು ಪುರುಸೊತ್ತು ಇರಲಿಲ್ಲ," ಎಂದಳು ಅಮೃತವ್ವ.

ಮರುದಿನ ತಂಪಾಯಿತು. ಅವಳು ಮತ್ತೆ ಗೋಡೆಯ ಪುಟಗಳಿಗೆ ಮರಳಿದಳು. ತಿದ್ದುವವರು ಮಾತ್ರ ಇನ್ನೂ ಕಟ್ಟೆಗಳ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ದಂಡದ ಜನ ಎಂದು ಮಲ್ಲರಸಯ್ಯ ಗೊಣಗಿದ.

ಮೂರನೆಯ ದಿನ ಬಂದದ್ದು ನಿಜವಾದ ಉರಿ ಸೆಖೆ. ಹಿಂದೆಂದೂ ಊರು ಅಂಥದ್ದನ್ನು ತಡೆದುಕೊಂಡಿರಲಿಲ್ಲ. ಪುಸ್ತಕ ತೆರೆಯಲೂ ಸಮಯವಿರಲಿಲ್ಲ. ತಿದ್ದುವವರು ಕೂತಲ್ಲಿಂದಲೇ ಎದ್ದು ಕೆಲಸಕ್ಕಿಳಿದರು. ಸಂಜೆ ನೋಡಿದರೆ ಒಂದು ಮೊರವೂ ಸೊಟ್ಟಗಾಗಿರಲಿಲ್ಲ.

ಮಲ್ಲರಸಯ್ಯ ಊರೆಲ್ಲ ಸುತ್ತಿ ನೋಡಿದ. ಆಮೇಲೆ ಅರಸನಿಗೆ ವರದಿ ಬರೆದ: ಎಲ್ಲಿಯೂ ಹಾನಿಯಾಗಿಲ್ಲ, ಆದ್ದರಿಂದ ಸೆಖೆ ಬಂದೇ ಇಲ್ಲ. ನಕಲುಗಾರ್ತಿ ಸುಮ್ಮನೆ ಗಾಬರಿಗೊಂಡು ಒಂದು ದಿನದ ಗೋಡೆ ಕೆಡಿಸಿದಳು. ಇನ್ನು ಮುಂದೆ ಆ ಪುಟವನ್ನು ತೆರೆಯಲಾಗದಂತೆ ಹೊಲಿದುಬಿಡುವುದು ಕ್ಷೇಮ.

ಅರಸನ ಒಪ್ಪಿಗೆ ಬರಲು ತಿಂಗಳು ಹಿಡಿಯಿತು. ಅಷ್ಟರಲ್ಲಿ ತಿದ್ದುವವರು ಒಬ್ಬೊಬ್ಬರಾಗಿ ಚದುರಿಹೋಗಿದ್ದರು. ಮಲ್ಲರಸಯ್ಯ ಎದುರಿಗೇ ಕೂತು ಪುಟವನ್ನು ಅಮೃತವ್ವನ ಕೈಯಲ್ಲೇ ಹೊಲಿಸಿದ. ಕೊನೆಯ ಗಂಟು ಬಿದ್ದಾಗ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ, ಇವತ್ತು ಯಾಕೋ ಸ್ವಲ್ಪ ಸೆಖೆ ಅನ್ನಿಸುತ್ತದಲ್ಲ ಎಂದ.

ಅಮೃತವ್ವ ದಾರ ಕಡಿದು ಸೂಜಿಯನ್ನು ಮೇಜಿನ ಮೇಲಿಟ್ಟಳು.

"ವರದಿಯ ಪ್ರಕಾರ ಇಲ್ಲ, ಸ್ವಾಮಿ."