ಎಡಗಾಲಿನ ಅಳತೆ

ಹಿಮ್ಮಡಿಗೆ ದಾರದ ತುದಿ ಒತ್ತಿ, ಹೆಬ್ಬೆರಳ ತನಕ ಎಳೆದು, ಲಿಂಗರಾಜ ಗಂಟು ಹಾಕಿದ. ಗೋಡೆಗೊರಗಿಸಿ ಕೂರಿಸಿದ್ದ ಬಸವರಾಜನ ಬಲಗಾಲು ಮಡಚಿ ಪಂಚೆಯೊಳಗಿತ್ತು. ಪೋಲಿಯೋ ಬಡಿದ ಎಡಗಾಲು ಮಾತ್ರ ಕೋಲಿನಂತೆ ಮುಂದಕ್ಕೆ ಚಾಚಿತ್ತು. ಹುಡುಗನಾಗಿದ್ದಾಗ ಆಪರೇಷನ್ ಮಾಡಿ ಬಿಗಿದ ಆ ಮಂಡಿ ಆಮೇಲೆ ಒಮ್ಮೆಯೂ ಮಡಚಿರಲಿಲ್ಲ.

ಅವರ ಲಿಂಗಾಯತ ಮನೆತನದಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಿದ್ದರು. ಗುಂಡಿಗೆ ಸತ್ತವರ ಪಾದವೇ ಅಳತೆ, ಉದ್ದಗಲ ಐದೈದು ಪಾದ. ಅವರು ನೆಲೆಸಿದ್ದ ವಡೋದರಾದಲ್ಲಿ ಇದನ್ನೆಲ್ಲ ಬಲ್ಲವನೆಂದರೆ ಬಸವರಾಜನ ಹೆಂಡತಿ ಅನಸೂಯಳ ಅಣ್ಣ, ನಿವೃತ್ತ ಬ್ಯಾಂಕ್ ಮ್ಯಾನೇಜರ್ ಲಿಂಗರಾಜನೊಬ್ಬನೇ. ಬಲ್ಲೆನೆಂಬ ಗತ್ತೂ ಅವನಿಗಿತ್ತು. ಹತ್ತಿರದ ಸ್ಮಶಾನದಲ್ಲಿ ಇದ್ದದ್ದು ಮಲಗಿಸಿ ಸುಡುವ ಏರ್ಪಾಡು. ಕೂರಿಸಿಯೇ ಹೂಳುವ ಗೋಸ್ವಾಮಿ ಜನ ತಮ್ಮ ಸಮಾಧಿ ಜಾಗದಲ್ಲಿ ಒಂದು ಮೂಲೆ ಕೊಡಲು ಒಪ್ಪಿದ್ದರು.

“ಅಣ್ಣಾ, ಒಂದ ಮಾತು,” ಎಂದಳು ಅನಸೂಯ. “ಅವರ ಕಾಲಿಗೆ ಯಾರೂ ಜಬರ್ದಸ್ತಿ ಮಾಡಬ್ಯಾಡ್ರಿ. ಹೆಂಗೈತಿ ಹಂಗ ಇರಲಿ.”

“ಪದ್ಮಾಸನ ಹಾಕಸ್ಬೇಕಲ್ಲವಾ.”

“ಬ್ಯಾಡ ಅಂದ್ರ ಬ್ಯಾಡ.”

*

ಬಸವರಾಜ ಸ್ವಿಚ್ ಜೋಡಿಸುವ ಕಾರ್ಖಾನೆಯೊಂದರಲ್ಲಿ ಬಡಗಿಯಾಗಿದ್ದ. ಅಲ್ಲಿನ ಸ್ಟೂಲುಗಳನ್ನು ಯಾವ ಪುಣ್ಯಾತ್ಮ ಮಾಡಿಸಿದ್ದನೋ, ಕೂತ ಹೆಂಗಸರ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಪಾದ ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಒಂದು ಭಾನುವಾರ ಬಸವರಾಜ ಒಬ್ಬನೇ ಹೋಗಿ, ಇಪ್ಪತ್ತು ಸ್ಟೂಲಿಗೂ ಕಾಲಿಡುವ ಹಲಗೆ ಹೊಡೆದು ಬಂದ. ಒಬ್ಬೊಬ್ಬರದು ಒಂದೊಂದು ಎತ್ತರ.

ಕೇಳದೆ ಮಾಡಿದ್ದಕ್ಕೆ ಮೆಮೊ ಬಂತು. ಎಲ್ಲ ಒಂದೇ ಎತ್ತರ ಯಾಕಿಲ್ಲ ಎಂದು ಮ್ಯಾನೇಜರ್ ಬೈದನಂತೆ.

“ಇಪ್ಪತ್ತು ಮಂದಿ ಅದಾರ, ಇಪ್ಪತ್ತು ಅಳತಿ,” ಎಂದು ಬಸವರಾಜ ಮನೆಗೆ ಬಂದು ನಕ್ಕ. “ಇಷ್ಟೂ ತಿಳಿಯಾಂಗಿಲ್ಲ ಅಂವಗ.”

ತನಗೆಂದು ಮಾತ್ರ ಅವನು ಏನೂ ಮಾಡಿಕೊಳ್ಳಲಿಲ್ಲ. ಬಾಡಿಗೆ ಮನೆಯಲ್ಲಿದ್ದದ್ದು ಕುಕ್ಕರಗಾಲಲ್ಲಿ ಕೂರುವ ಕಕ್ಕಸು. ಮೂವತ್ತು ವರ್ಷ ಅಲ್ಲಿ ನಲ್ಲಿಯ ಪೈಪು ಹಿಡಿದು ಜೋತಾಡಿದ. ಬದಲಿಸಿಕೊಡಿ ಎಂದು ಮಾಲೀಕನನ್ನು ಕೇಳಲು ಅವನಿಗೆ ಸಂಕೋಚ. ಅನಸೂಯಳಾದರೂ ಕೇಳಬಹುದಿತ್ತು. ಕೇಳಲಿಲ್ಲ. ಇವತ್ತು ಬೆಳಗಿನಿಂದ ಅದೊಂದೇ ಅವಳನ್ನು ಹಿಂಡುತ್ತಿತ್ತು.

*

ಸಂಜೆ ಐದರ ಹೊತ್ತಿಗೆ ದೇಹವನ್ನು ಕುರ್ಚಿಯ ಸಮೇತ ಟೆಂಪೋದಿಂದ ಇಳಿಸಿದಾಗ, ಗುಂಡಿ ತೋಡಿದ್ದ ಮಹೇಶಗಿರಿ ಒಮ್ಮೆ ಕಾಲನ್ನು, ಒಮ್ಮೆ ಗುಂಡಿಯನ್ನು ನೋಡಿದ. ಚಾಚಿದ ಕಾಲು ಅದರಲ್ಲಿ ಹಿಡಿಸುವಂತಿರಲಿಲ್ಲ.

“ಆಪ್ ಕಾ ಹೀ ಧಾಗಾ ಹೈ, ಸಾಹೇಬ್. ಪಾಂಚ್ ಬಾರ್ ನಾಪಾ,” ಎಂದು, ಐದು ಸಲ ಅಳೆದಿದ್ದ ಆ ದಾರವನ್ನೇ ಲಿಂಗರಾಜನಿಗೆ ತೋರಿಸಿದ.

ಅನಸೂಯ ದಾರ ಇಸಿದುಕೊಂಡಳು. ಅಷ್ಟು ಗಿಡ್ಡ ದಾರ.

“ಅಣ್ಣಾ, ಯಾವ ಕಾಲು ಅಳದಿ?”

“ಹೊರಗ ಚಾಚಿದ್ದು,” ಎಂದವನ ಮುಖ ಹೇಳುತ್ತಲೇ ಇಳಿದುಹೋಯಿತು. ಆ ಪಾದ ಹುಡುಗನ ಪಾದದಷ್ಟಕ್ಕೇ ಬೆಳೆದು ನಿಂತಿತ್ತು. “ಆದದ್ದಾತು. ಹೊತ್ತು ಮುಳಗತೈತಿ. ನಾಕು ಮಂದಿ ಗಟ್ಟಿ ಹಿಡದ್ರ ಮಂಡಿ ಮಡಚತೈತಿ.”

“ಮುರೀತೈತಿ ಅನ್ನು.”

ಜೊತೆಗೆ ಬಂದಿದ್ದವರಲ್ಲಿ ಇಬ್ಬರು ಅಂಗಿಯ ತೋಳು ಮಡಚಿ ಮುಂದೆ ಬಂದರು. ಅನಸೂಯ ಗಂಡನ ಕಾಲಿಗೆ ಅಡ್ಡವಾಗಿ ಕೂತುಬಿಟ್ಟಳು.

“ಇಷ್ಟು ವರ್ಷ ಇವರೇ ಸಂಭಾಳಿಸ್ಕೊಂಡ್ರು. ಗುಂಡಿ ದೊಡ್ಡದು ಮಾಡ್ರಿ.”

ಬಂದವರು ಹಿಂದೆ ಸರಿದರು. ಮಹೇಶಗಿರಿ ಗುದ್ದಲಿ ಹಿಡಿದು, “ಕಿತನಾ?” ಎಂದ. ಇನ್ನೊಮ್ಮೆ ಅಳತೆ ಹೇಳುವ ಧೈರ್ಯ ಲಿಂಗರಾಜನಿಗೆ ಬರಲಿಲ್ಲ.

ಮಗಳು ವಿಂಧ್ಯಾ ಚಪ್ಪಲಿ ಬಿಟ್ಟು ಗುಂಡಿಯ ಅಂಚಿಗೆ ಬಂದಳು. ಇಲ್ಲೇ ಹುಟ್ಟಿ ಬೆಳೆದವಳಿಗೆ ಕನ್ನಡ ತಡವರಿಸುತ್ತಿತ್ತು.

“ಮಾಮಾ, ನಂದು ಪಪ್ಪಾಂದು ಹೈಟ್ ಒಂದೇ ಇದೆ.”

“ಹೆಣ್ಣಮಕ್ಕಳು ಅದರಾಗ ಇಳಿಯೂದಿಲ್ಲವ್ವಾ,” ಎಂದ ಲಿಂಗರಾಜ. ತಡೆಯಲು ಕೈ ಮಾತ್ರ ಎತ್ತಲಿಲ್ಲ.

ಅವಳು ಇಳಿದಳು. ಹಸಿ ಮಣ್ಣಿಗೆ ಬೆನ್ನು ಕೊಟ್ಟು ಕೂತು, ಬಲಗಾಲು ಮಡಚಿ, ಎಡಗಾಲು ಚಾಚಿದಳು. ಹಿಮ್ಮಡಿ ಎದುರಿನ ಮಣ್ಣಿಗೆ ಒತ್ತಿಕೊಂಡು ಮಂಡಿ ಮೇಲೆದ್ದಿತು. ಮಹೇಶಗಿರಿ ಅವಳ ಪಾದದ ಪಕ್ಕದಲ್ಲಿ ಮೆಲ್ಲಗೆ ಕೆದಕತೊಡಗಿದ. ಮಂಡಿ ಪೂರ್ತಿ ನೆಲಕ್ಕೆ ಕೂರುವ ತನಕ ಅವಳು ಏಳಲಿಲ್ಲ.