ಮೆಲಿಶಾಳ ಸರದಿ

ನನ್ನ ಗಂಡ ಜೇಕಬ್ ಇಗರ್ಜಿಯ ಕೆಲಸವನ್ನು ಇದ್ದಕ್ಕಿದ್ದ ಹಾಗೆ ಬಿಟ್ಟದ್ದಕ್ಕೆ ಊರಿನವರು ಏನೇನೋ ಮಾತಾಡಿದರು. ತಲೆ ಕೆಟ್ಟಿದೆ ಎಂದರು, ಸೊಕ್ಕು ಎಂದರು, ಮಂಗಳೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿರಬೇಕು ಎಂದರು. ಊರ ಬಾಯಿಗೆ ಬೀಗ ಹಾಕಲು ಯಾರಿಂದಾದೀತು? ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು, ಅದು ಎಲ್ಲರಿಗೂ ಗೊತ್ತು. ಆದರೂ ಆಗ ನಾನು ಬಾಯಿ ಬಿಡಲಿಲ್ಲ. ಈಗ ಹೇಳುತ್ತೇನೆ.

ಮೀಂಜದ ಆಚೆ, ಗುಡ್ಡದ ಮೇಲಿರುವ ನಮ್ಮ ಸಣ್ಣ ಇಗರ್ಜಿಯಲ್ಲಿ ಇವರದ್ದು ಗುಂಡಿ ತೆಗೆಯುವ ಕೆಲಸ. ಯಾರಾದರೂ ಸತ್ತರೆ ಹಾರೆ ಹಿಡಿಯುವುದು, ಉಳಿದ ದಿನ ಸ್ಮಶಾನದ ಹುಲ್ಲು ಕೆತ್ತುವುದು. ನಮ್ಮ ಸ್ಮಶಾನ ಚಿಕ್ಕದು. ದುಡ್ಡಿದ್ದ ಕುಟುಂಬಗಳಿಗೆ ಕಲ್ಲು ಕಟ್ಟಿದ ಸ್ವಂತ ಜಾಗ ಉಂಟು. ನಮ್ಮಂಥವರಿಗೆಲ್ಲ ಸಾಲಿನ ಗುಂಡಿ. ಸಾಲು ತುಂಬಿದ ಮೇಲೆ ಮತ್ತೆ ಮೊದಲಿನಿಂದ ಶುರು. ಎಲ್ಲಕ್ಕಿಂತ ಹಳೆಯ ಗುಂಡಿ ಯಾವುದೋ ಅದನ್ನು ಅಗೆದು, ಉಳಿದ ಎಲುಬುಗಳನ್ನು ಬುಟ್ಟಿಗೆ ಹಾಕಿ, ಮೂಲೆಯಲ್ಲಿರುವ ಎಲುಬಿನ ಬಾವಿಗೆ ಸುರಿದು, ಹೊಸಬರಿಗೆ ಜಾಗ ಮಾಡಿ ಕೊಡುವುದು. ಸತ್ತ ಮೇಲೂ ಬಡವರು ಎದ್ದು ಜಾಗ ಬಿಟ್ಟುಕೊಡಬೇಕು, ನೋಡಿ.

ಇವರು ಅಗೆಯುವಾಗ ಕೆಲವು ಮನೆಯವರು ಬಂದು ಮೇಲೆ ನಿಂತು ಅಳುತ್ತಿದ್ದರು. "ಎಲ್ಲರದ್ದೂ ಒಂದು ದಿನ ತೆಗೆಯುದೇ ಅಲ್ವಾ ಬಾಯಿ, ಅಳ್ಬೇಡಿ" ಎಂದು ಇವರು ಕೆಳಗಿನಿಂದಲೇ ಸಮಾಧಾನ ಹೇಳುತ್ತಿದ್ದರು. ಬಾಯಿ ಎಂದರೆ ನಮ್ಮಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು. ಎಷ್ಟೋ ತಾಯಂದಿರಿಗೆ ಹಾಗೆ ಹೇಳಿದ್ದಾರೆ.

ನಮ್ಮ ಮೆಲಿಶಾ ಐದನೇ ಕ್ಲಾಸಿನಲ್ಲಿದ್ದಾಗ ಕಾಮಾಲೆ ಬಂದು ಹೋದಳು. ಇದ್ದವಳು ಅವಳೊಬ್ಬಳೇ. ಮೊದಲ ಕೊಮುನ್ಯಾಂವಿಗೆ, ಅಂದರೆ ಮಕ್ಕಳು ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ದಿನಕ್ಕೆ, ಹೊಲಿಸಿದ ಬಿಳಿ ಫ್ರಾಕು, ತಲೆಗೆ ಬಿಳಿ ಪ್ಲಾಸ್ಟಿಕ್ ಹೇರ್‌ಬ್ಯಾಂಡು ಹಾಕಿ ಕಳಿಸಿದೆವು. ಅದರ ಮರು ವರ್ಷವೇ ಇವರು ಈ ಕೆಲಸಕ್ಕೆ ಸೇರಿದ್ದು. ನನಗೆ ಮೈಯೆಲ್ಲ ಉರಿದುಹೋಯಿತು. "ಅಡಿಕೆ ಸುಲಿಲಿಕ್ಕೆ ಹೋಗಿ, ಮರ ಹತ್ತಿ, ಬೇರೆ ಎಂತ ಬೇಕಾದ್ರೂ ಮಾಡಿ, ಇದೇ ಬೇಕಿತ್ತಾ ನಿಮಗೆ?" ಎಂದು ಕೂಗಿದೆ. "ಅವಳ ಹತ್ತಿರ ಇರ್ಬಹುದಲ್ಲ ರೋಸಿ" ಎಂದರು, ಅಷ್ಟೇ. ಮತ್ತೆ ನಾನು ಆ ವಿಷಯ ಎತ್ತಲಿಲ್ಲ.

ಎರಡು ಸಾವಿರದ ಎಂಟರ ನವೆಂಬರ್. ಮೃತರ ಹಬ್ಬದ ದಿನ ಎಲ್ಲರ ಹಾಗೆ ನಾನೂ ಗುಂಡಿಯ ಮೇಲೆ ಗೊಂಡೆ ಹೂ ಹರಡಿ ಮೇಣದ ಬತ್ತಿ ಹಚ್ಚುತ್ತಿದ್ದೆ. ಇವರು ಹತ್ತಿರ ಕೂತು ನೆಲ ನೋಡುತ್ತಾ ಹೇಳಿದರು, "ರೋಸಿ, ಇನ್ನು ಯಾರು ಸತ್ರೂ ಇವಳದ್ದೇ ಸರದಿ."

ನನ್ನ ಕೈಯ ಬೆಂಕಿಪೊಟ್ಟಣ ಕೆಳಗೆ ಬಿತ್ತು. ಗೊತ್ತಿಲ್ಲದ್ದೇನಲ್ಲ. ವರ್ಷದಿಂದ ವರ್ಷಕ್ಕೆ ಅದು ಹತ್ತಿರ ಬರುವುದು ನನಗೂ ಕಾಣುತ್ತಿತ್ತು.

"ಒಂದು ಹಾರಿಸಿ ಆಚೆಯದ್ದು ತೆಗೀರಿ" ಎಂದೆ. "ಯಾರು ನೋಡ್ತಾರೆ? ಲೆಕ್ಕ ಇಡುದು ನೀವೇ ಅಲ್ವಾ?"

"ಆಚೆಯದ್ದು ಕೀತ್‌ನದ್ದು."

ಕೀತ್ ಹೊಳೆಯಲ್ಲಿ ಮುಳುಗಿ ಹೋದ ಹುಡುಗ. ಅವನ ತಾಯಿ ಪ್ರತಿ ಆದಿತ್ಯವಾರ ಪೂಜೆಯಲ್ಲಿ ನನ್ನ ಪಕ್ಕದಲ್ಲೇ ಮೊಣಕಾಲೂರುತ್ತಾಳೆ.

ಆ ವಾರವೇ ಇವರು ಇಗರ್ಜಿಯ ಕಮಿಟಿಯ ಉಪಾಧ್ಯಕ್ಷ ಮೆರ್ವಿನ್‌ನ ಹತ್ತಿರ ಹೋಗಿ ಕೆಲಸ ಬಿಡುತ್ತೇನೆ ಎಂದರು. ಮೆರ್ವಿನ್ ಕೆಟ್ಟವನಲ್ಲ, ರೂಲ್ಸಿನವನು. ಅದಕ್ಕೂ ಕಾರಣ ಉಂಟು. ಹಿಂದೆ ಈ ಕೆಲಸದಲ್ಲಿದ್ದವನು ಯಾರಿಗೂ ಹೇಳದೆ ಬಿಟ್ಟು ಹೋದಾಗ ಮೆರ್ವಿನ್‌ನ ಅಪ್ಪನ ಪೆಟ್ಟಿಗೆ ಗುಂಡಿ ಇಲ್ಲದೆ ಮಳೆಯಲ್ಲಿ ಕಾದಿತ್ತು. ಕೆಲಸ ಬಿಡುವವರು ತಿಂಗಳ ಮೊದಲೇ ತಿಳಿಸಬೇಕು, ಆ ತಿಂಗಳು ಪೂರ್ತಿ ದುಡಿದೇ ಹೋಗಬೇಕು ಎಂದು ಅವನೇ ಹಟ ಹಿಡಿದು ಕಮಿಟಿಯಲ್ಲಿ ಪಾಸು ಮಾಡಿಸಿದ್ದ.

"ಬಿಡಿ ಜೇಕಬಣ್ಣ, ಬೇಡ ಹೇಳುದಿಲ್ಲ. ಆದ್ರೆ ಒಂದು ತಿಂಗಳು ನಿಲ್ಲಿ" ಎಂದನಂತೆ. "ಒಲಿವಿಯಾಬಾಯಿ ಇವತ್ತೋ ನಾಳೆಯೋ ಅಂತ ಇದ್ದಾರೆ. ಈಗ ನೀವು ಬಿಟ್ರೆ ನಾನು ಯಾರನ್ನು ಹುಡುಕುದು?"

ಒಲಿವಿಯಾಬಾಯಿ ಎಂದರೆ ನಮ್ಮ ಊರಿನ ಅರ್ಧ ಮಕ್ಕಳ ಹೆರಿಗೆ ಮಾಡಿಸಿದವರು. ಮೆಲಿಶಾಳನ್ನು ಮೊದಲು ಎತ್ತಿಕೊಂಡದ್ದು ಅವರ ಕೈ. ಅವರಿಗೂ ಸಾಲಿನ ಗುಂಡಿಯೇ.

ನಾನು ಇವರಿಗೆ ಬೆಳಿಗ್ಗೆ ಸಂಜೆ ಹೇಳಿದೆ, "ಕಾರಣ ಹೇಳಿ ಮಾರಾಯ್ರೆ, ಬಾಯಿ ಉಂಟಲ್ಲ ನಿಮಗೆ! ಮೆರ್ವಿನ್‌ಗೂ ಮಕ್ಕಳಿದ್ದಾರೆ, ಅವನಿಗೆ ಅರ್ಥ ಆಗುದಿಲ್ವಾ?"

"ಹೇಳಿದ್ರೆ ಅವನು ಬೇರೆ ಗುಂಡಿ ತೋರಿಸ್ತಾನೆ. ಊರವರ ಮಕ್ಕಳನ್ನು ತೆಗೆಯುವಾಗ ನನ್ನ ಕೈ ನಿಲ್ಲಲಿಲ್ಲ. ನನ್ನ ಮಗಳಿಗೆ ಮಾತ್ರ ಬೇರೆ ಕ್ರಮವಾ?"

"ಹಾಗಾದ್ರೆ ತೆಗೀರಿ!"

"ಕೆಲಸ ಅಂತ ಅವಳನ್ನು ತೆಗೀಲಿಕ್ಕೆ ನನ್ನಿಂದ ಆಗುದಿಲ್ಲ."

ಇಂಥ ಮನುಷ್ಯನ ಜೊತೆ ಬಾಳುವುದು ಹೇಗೆ, ನೀವೇ ಹೇಳಿ. ಅತ್ತ ದರಿ, ಇತ್ತ ಪುಲಿ, ನಡುವೆ ಇವರ ಹಟ. ಪ್ರತಿದಿನ ನಾನು ಒಲಿವಿಯಾಬಾಯಿಯ ಜೀವಕ್ಕಾಗಿ ತೇರ್ಸ ಮಣಿ ಹಿಡಿದು ಪ್ರಾರ್ಥನೆ ಮಾಡಿದೆ. ಈ ತಿಂಗಳು ಒಂದು ದಾಟಲಿ ದೇವರೇ, ಅಷ್ಟೇ ಸಾಕು ಎಂದು ಬೇಡಿದೆ. ಆ ತಿಂಗಳು ದಾಟಿದರೆ ಬೇರೆ ಯಾರೋ ಬಂದು ಮಗಳನ್ನು ಅಗೆಯುತ್ತಾರೆ ಎಂಬುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ತಿಂಗಳು ದಾಟಲಿಲ್ಲ. ಒಂದು ಬೆಳಿಗ್ಗೆ ಒಲೆಯ ಮೇಲೆ ಚಹಾ ಕುದಿಯುತ್ತಿರುವಾಗ ಮರಣದ ಗಂಟೆ ಬಡಿಯಿತು. ಇವರು ಶಿಲುಬೆಯ ಗುರುತು ಮಾಡಿ ಎದ್ದರು. ಮೊಳೆಯಲ್ಲಿ ತೂಗುತ್ತಿದ್ದ ಇಗರ್ಜಿ ಶೆಡ್ಡಿನ ಬೀಗದ ಕೈ ತೆಗೆದುಕೊಂಡರು. ಆದಿತ್ಯವಾರ ಹಾಕುವ ಬಿಳಿ ಶರ್ಟು ಹಾಕಿಕೊಂಡು ಚಹಾ ಕುಡಿಯದೆ ಹೊರಟುಹೋದರು. ಮಣ್ಣಿನ ಕೆಲಸಕ್ಕೆ ಬಿಳಿ ಶರ್ಟು ಯಾಕೆ ಎಂದು ಕೇಳುವಷ್ಟು ಬುದ್ಧಿ ನನಗೆ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಮೆರ್ವಿನ್ ಬೈಕಿನಲ್ಲಿ ಬಂದ. ಅಂಗಳದಲ್ಲೇ ಬೊಬ್ಬೆ. "ಜೇಕಬಣ್ಣ ಎಲ್ಲಿ? ಶೆಡ್ಡಿನ ಕೀ ಫಾದರ್‌ನ ಮೇಜಿನ ಮೇಲೆ ಇಟ್ಟು, ಇವತ್ತಿನಿಂದ ನಾನು ಕೆಲಸದಲ್ಲಿ ಇಲ್ಲ ಅಂತ ಹೇಳಿ ಹೋಗಿದ್ದಾರೆ! ಹೇಳಿದ ತಿಂಗಳು ಇನ್ನೂ ಮುಗೀಲಿಲ್ಲ. ಹೆಣ ಮನೆಯಲ್ಲಿ ಉಂಟು ಬಾಯಿ, ಸಂಜೆಗೆ ಮಣ್ಣು ಮಾಡ್ಬೇಕು. ಹೀಗೆ ಮಾಡುದಾ ಒಬ್ಬ ಮನುಷ್ಯ?"

ಓಡಿಹೋದರಲ್ಲ ಎಂದುಕೊಂಡೆ. ಉಳ್ಳಾಲದಲ್ಲಿ ಇವರ ತಂಗಿಯ ಮನೆ ಉಂಟು, ಅಲ್ಲಿಗೇ ಹೋಗಿರಬೇಕು. ಮಗಳನ್ನು ಕಂಡಕಂಡವರ ಹಾರೆಗೆ ಬಿಟ್ಟು ತಾನು ಕಾಣದ ಹಾಗೆ ಕೂತುಬಿಟ್ಟರಲ್ಲ, ಹೇಡಿ! ಆ ಸಿಟ್ಟೆಲ್ಲ ಮೆರ್ವಿನ್‌ನ ಮೇಲೆ ಹರಿಯಿತು.

"ನಿನ್ನ ತಿಂಗಳಿಗೆ ಬೆಂಕಿ ಬೀಳಲಿ! ಇವತ್ತು ಯಾರ ಗುಂಡಿ ಅಗೀಬೇಕು ಅಂತ ಗೊತ್ತುಂಟಾ ನಿನಗೆ? ನನ್ನ ಮೆಲಿಶಾಳದ್ದು. ಅಪ್ಪನ ಕೈಯಲ್ಲೇ ಮಗಳನ್ನು ಅಗೆಸ್ತಿಯಾ?"

ಅವನು ಮೆಟ್ಟಿಲ ಮೇಲೆ ಕೂತ. "ಅಯ್ಯೋ ದೇವರೇ, ನನಗೆ ಒಂದು ಮಾತು ಹೇಳ್ಬಾರದಿತ್ತಾ?" ಎಂದ. ಮತ್ತೆ ತಡೆದು ತಡೆದು ಹೇಳಿದ, "ಬಾವಿ ತೋಡುವ ಸುಕುಮಾರನಿಗೆ ಹೇಳಿ ಕಳಿಸಿದ್ದೇನೆ. ಅಲ್ಲಿಗೆ ಹೋಗಿ ತಡೀತೇನೆ. ಆಚೆಯದ್ದು ತೆಗೀಲಿ."

ಈ ಒಂದು ಮಾತಿಗೆ ನಾನು ಎಷ್ಟು ದಿನದಿಂದ ಹಂಬಲಿಸಿದ್ದೆ! ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಕೀತ್‌ನ ತಾಯಿಯ ಮುಖ ಕಣ್ಣ ಮುಂದೆ ಬಂತು. ಬರುವ ಆದಿತ್ಯವಾರ ಅವಳ ಪಕ್ಕದಲ್ಲಿ ಮೊಣಕಾಲೂರಬೇಕಲ್ಲ ನಾನು.

"ಬೇಡ" ಎಂದೆ. ಪೆಟ್ಟಿಗೆಯಿಂದ ಒಗೆದಿಟ್ಟ ಬಿಳಿ ಬಟ್ಟೆ ತೆಗೆದುಕೊಂಡೆ. "ಸುಕುಮಾರ ಅಗೀಲಿ. ಎತ್ತಿಕೊಳ್ಳುದು ನಾನು. ಬುಟ್ಟಿಗೆ ಹಾಕ್ಲಿಕ್ಕೆ ಬಿಡುದಿಲ್ಲ."

ಮೆರ್ವಿನ್‌ನ ಬೈಕಿನ ಹಿಂದೆ ಕೂತು ಸ್ಮಶಾನಕ್ಕೆ ಹೋದೆ. ಸುಕುಮಾರ ಗುಂಡಿಯ ಹೊರಗೆ ಕೈಕಟ್ಟಿ ನಿಂತಿದ್ದ. ಅವನ ಹಾರೆ ಗೋಡೆಗೆ ಒರಗಿತ್ತು. ಆದರೂ ಗುಂಡಿಯ ಒಳಗಿನಿಂದ ಮಣ್ಣು ಮೇಲೆ ಬಂದು ಬೀಳುತ್ತಿತ್ತು.

"ಪೊರ್ಬುಗಳು ನನ್ನನ್ನು ಇಳೀಲಿಕ್ಕೇ ಬಿಡುದಿಲ್ಲ ಬಾಯಿ" ಎಂದ ಅವನು. ತುಳುವರು ನಮ್ಮ ಗಂಡಸರನ್ನು ಹಾಗೆ ಕರೆಯುವುದು. "ನಾನು ಬರುವ ಮೊದಲೇ ಶುರು ಮಾಡಿದ್ದಾರೆ."

ಬಗ್ಗಿ ನೋಡಿದೆ. ಬಿಳಿ ಶರ್ಟು ಮಣ್ಣಾಗಿ ಕೆಂಪಾಗಿತ್ತು. ಕೈಯಲ್ಲಿ ನಮ್ಮದೇ ಹಾರೆ, ನಾನು ಬಸಳೆಯ ಬುಡಕ್ಕೆ ಮಣ್ಣು ಎಳೆಯುವ ಹಾರೆ. ಬೆಳಿಗ್ಗೆ ಹಿತ್ತಿಲಿನಿಂದ ಅದನ್ನು ತೆಗೆದುಕೊಂಡೇ ಹೋಗಿದ್ದರು. ನಾನು ಹೇಡಿ ಎಂದು ಬೈದ ಮನುಷ್ಯ ಇವರೇ. ನನಗೆ ಅಳು ಒತ್ತರಿಸಿ ಬಂತು.

"ಜೇಕಬಣ್ಣ" ಎಂದು ಕರೆದ ಮೆರ್ವಿನ್. "ಬಿಟ್ಟದ್ದು ನಾನು ಲೆಕ್ಕಕ್ಕೆ ಹಿಡಿಯುದಿಲ್ಲ. ನೀವು ಕೆಲಸಕ್ಕೆ ಬಂದ ಹಾಗೇ ಆಯ್ತಲ್ಲ."

ಇವರು ತಲೆ ಎತ್ತಲಿಲ್ಲ. "ಕೆಲಸ ನಾನು ಬಿಟ್ಟಾಯ್ತು ಮೆರ್ವಿನ್. ಇದು ನನ್ನ ಮನೆಯದ್ದು."

ಆಮೇಲೆ ಹಾರೆ ಬದಿಗಿಟ್ಟು ಕೈಯಲ್ಲೇ ಮಣ್ಣು ಬಿಡಿಸಿದರು. ಒಂದೊಂದಾಗಿ ಮೇಲೆ ಕೊಟ್ಟರು, ನಾನು ಬಟ್ಟೆಯಲ್ಲಿ ಇಟ್ಟುಕೊಂಡೆ. ಎಲ್ಲ ಎಷ್ಟು ಚಿಕ್ಕದಾಗಿತ್ತು! ಹೇರ್‌ಬ್ಯಾಂಡು ಮಾತ್ರ ಇದ್ದ ಹಾಗೇ ಇತ್ತು. ಇವರು ಅದನ್ನು ಶರ್ಟಿಗೆ ಒರೆಸಿ, ನನ್ನ ಕೈಗೆ ಕೊಟ್ಟು, "ಅಳ್ಬೇಡ ರೋಸಿ" ಎಂದರು. ಎಲ್ಲರದ್ದೂ ಒಂದು ದಿನ ತೆಗೆಯುವುದೇ ಎಂಬ ಮಾತು ಬಾಯಿಗೆ ಬಂದಿರಬೇಕು. ಹೇಳಲಿಲ್ಲ. ಗುಂಡಿಯ ಗೋಡೆಗೆ ಹಣೆ ಒತ್ತಿ ಗೊಳೋ ಎಂದು ಅತ್ತರು. ಮೆಲಿಶಾ ಹೋದ ದಿನವೂ ಅವರು ಹಾಗೆ ಅತ್ತದ್ದು ನಾನು ಕಂಡಿರಲಿಲ್ಲ.

ಎಲುಬಿನ ಬಾವಿಗೆ ಮೇಲಿನಿಂದ ಸುರಿಯುವುದು ಕ್ರಮ. ಇವರು ಏಣಿ ಇಟ್ಟು, ಗಂಟನ್ನು ಎದೆಗೆ ಒತ್ತಿಕೊಂಡು ಇಳಿದು ಹೋಗಿ, ಇಟ್ಟು ಬಂದರು. ಸುಕುಮಾರ ಏಣಿ ಹಿಡಿದ. ಹೇರ್‌ಬ್ಯಾಂಡು ನನ್ನ ಹತ್ತಿರ ಉಳಿಯಿತು.

ಸಂಜೆ ಒಲಿವಿಯಾಬಾಯಿಯ ಪೆಟ್ಟಿಗೆ ಬಂತು. ಫಾದರ್ ಪ್ರಾರ್ಥನೆ ಮುಗಿಸಿದ ಮೇಲೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಜನ ಹೋಗಲಿ ಎಂದು ನಾನು ಕಾದೆ. ಇವರೂ ಪಕ್ಕದಲ್ಲಿ ನಿಂತರು. ನಾನು ಬಗ್ಗಿ, ಮಣ್ಣನ್ನು ಎಸೆಯದೆ ಮೆಲ್ಲನೆ ಬಿಟ್ಟು ಹೇಳಿದೆ, "ಒಲಿವಿಯಾಬಾಯಿ, ಗುರ್ತ ಸಿಕ್ಕಿತಾ? ಇದು ನಮ್ಮ ಮೆಲಿಶಾ ಮಲಗಿದ್ದ ಜಾಗ. ನೀವು ಎತ್ತಿಕೊಂಡ ಮಗು."