ಇಲ್ಲಿ ಬಿದ್ದ ಏಟು

ನನ್ನ ಗಂಡ ನನ್ನ ಕೆನ್ನೆಗೆ ಬಾರಿಸಿದರೆ ಊರಿನ ಇನ್ನೊಂದು ತುದಿಯಲ್ಲಿ ನನ್ನ ನಾದಿನಿಯ ಕೆನ್ನೆ ಊದುತ್ತದೆ. ಮಾತಿಗೆ ಹೇಳುತ್ತಿಲ್ಲ, ನಿಜಕ್ಕೂ ಊದುತ್ತದೆ. ಅವಳು ನನ್ನ ಗಂಡನ ತಂಗಿ, ನನ್ನ ತಮ್ಮನ ಹೆಂಡತಿ. ಅವಳನ್ನು ಅಲ್ಲಿಗೆ ಕೊಟ್ಟು ನನ್ನನ್ನು ಇಲ್ಲಿಗೆ ತಂದರು.

ನಮ್ಮಲ್ಲಿ ಹೆಣ್ಣು ಕೊಟ್ಟರೆ ಮಾತ್ರ ಹೆಣ್ಣು. ಹೆಣ್ಣು ಹೊಟ್ಟೆಯಲ್ಲಿರುವಾಗಲೇ ಪತ್ತೆ ಹಚ್ಚಿ ತೆಗೆಸಿದ ಹಿರಿಯರೇ ಈಗ ಮೊಮ್ಮಕ್ಕಳಿಗೆ ಹೆಣ್ಣಿಲ್ಲವೆಂದು ಬಾಯಿ ಬಡಿದುಕೊಳ್ಳುತ್ತಾರೆ. ಮಾಡಿದ್ದುಣ್ಣೋ ಮಹರಾಯ ಅನ್ನೋಣವೆಂದರೆ, ಮಾಡಿದವರು ಅವರು, ಉಣ್ಣುತ್ತಿರುವವರು ನಾವು.

ಕೊಟ್ಟು ತಂದ ಮದುವೆಯಲ್ಲಿ ಹೊಡೆತ ಬಡಿತ ಇರುವುದಿಲ್ಲ ಎಂದು ನನ್ನ ಅತ್ತೆ ಹೇಳಿದ್ದರು. ಇವಳಿಗೆ ಹೊಡೆದರೆ ಅಲ್ಲಿ ತನ್ನ ತಂಗಿಗೆ ಬೀಳುತ್ತದೆಂಬ ಹೆದರಿಕೆ ಇರುತ್ತದಂತೆ. ಎಲ್ಲಿಯ ಹೆದರಿಕೆ! ನನಗೆ ಇಲ್ಲಿ ಬಿದ್ದ ಸುದ್ದಿ ಅಲ್ಲಿ ಮುಟ್ಟಿದರೆ ನನ್ನ ತಮ್ಮ ಫೋನ್ ಮಾಡುತ್ತಾನೆ. "ಭಾವ, ಕೇಳಿಸ್ಕೊಳ್ಳಿ" ಎಂದು ಸ್ಪೀಕರ್ ಹಾಕಿ ಅವಳಿಗೆ ಬಾರಿಸುತ್ತಾನೆ. ಅಲ್ಲಿ ಶುರುವಾದರೆ ನನ್ನ ಗಂಡನೂ ಹಾಗೆಯೇ. ಇಬ್ಬರಿಗೂ ತಂಗಿ, ಅಕ್ಕ ಎಂದರೆ ಪ್ರಾಣ, ಹೆಂಡತಿಯ ಮೈಮೇಲೆ ಅದನ್ನು ತೋರಿಸುತ್ತಾರೆ.

ನಮ್ಮದು ಐಸ್ ಫ್ಯಾಕ್ಟರಿ. ಉಪ್ಪುನೀರಿನ ತೊಟ್ಟಿಯಿಂದ ಐಸ್ ಕಟ್ಟಿದ ಡಬ್ಬಿ ಎತ್ತುವುದು ಗಂಡಸರ ಕೆಲಸ, ಹೊರಬಿದ್ದ ಐಸ್ ಗಡ್ಡೆಯನ್ನು ಕೊಕ್ಕೆ ಹಾಕಿ ಒದ್ದೆ ನೆಲದ ಮೇಲೆ ಎಳೆದು ಗಾಡಿಗೆ ಮುಟ್ಟಿಸುವುದು ನನ್ನದು. ಮೊಳದುದ್ದದ ಮರದ ಹಿಡಿ, ತುದಿಯಲ್ಲಿ ಬಾಗಿದ ಕಬ್ಬಿಣ. ಏಟು ತಿಂದ ಮೇಲೆ ಹಚ್ಚಿಕೊಳ್ಳಲು ನನಗೇನು ಐಸಿಗೆ ಬರವೇ? ನಾದಿನಿಯದು ಇಸ್ತ್ರಿ ಅಂಗಡಿ, ಅಲ್ಲಿರುವುದು ಬರೀ ಬೆಂಕಿ. ಅದಕ್ಕೆ ಆ ಕಡೆ ಹೋಗುವ ಗಾಡಿಯಲ್ಲಿ ಒಂದು ತುಂಡನ್ನು ಗೋಣಿಯಲ್ಲಿ ಸುತ್ತಿ ಕಳಿಸುತ್ತಿದ್ದೆ. "ಐಸ್ ಕಳಿಸಿ ಅತ್ತಿಗೆ" ಎಂದು ಅವಳು ಫೋನ್ ಮಾಡಿದರೆ ಎಲ್ಲಿ ಬಿತ್ತು ಎಂದು ನಾನು ಕೇಳುತ್ತಿರಲಿಲ್ಲ.

"ತಿರುಗಿಸಿ ಒಂದು ಕೊಡೋಣ ಅಂತ ಕೈ ತುರಿಸುತ್ತೆ ಕಣೇ" ಎಂದು ಒಮ್ಮೆ ಅವಳಿಗೆ ಹೇಳಿದ್ದೆ.

"ಬೇಡಿ ಅತ್ತಿಗೆ. ನೀವು ಕೈ ಎತ್ತಿದ್ರೆ ಇಲ್ಲಿ ನನ್ನನ್ನ ಸಾಯಿಸ್ತಾರೆ. ನಾನು ಎತ್ತಿದ್ರೆ ಅಲ್ಲಿ ನಿಮ್ಮನ್ನ."

ಅಂದಿನಿಂದ ನನ್ನ ಕೈ ಕಟ್ಟಿಹೋಯಿತು. ನನಗೆ ನನ್ನ ಗಂಡನ ಭಯವಿರಲಿಲ್ಲ, ಅವಳು ಸತ್ತಾಳೆಂಬ ಭಯವಿತ್ತು.

ಈಗ ಗಂಡನೂ ತಮ್ಮನೂ ಮತ್ತೊಂದು ಸುತ್ತು ಕೊಟ್ಟು ತರಲು ಕೈ ಕುಲುಕಿದ್ದರು. ನಮ್ಮ ಮಗಳು ನಾದಿನಿಯ ಮಗನಿಗೆ, ಅವಳ ಮಗಳು ನಮ್ಮ ಮಗನಿಗೆ. ನನ್ನ ಮಗನ ಸಂಕಟ ನನಗೆ ಗೊತ್ತಿಲ್ಲದ್ದಲ್ಲ. ಅವನ ಜೊತೆ ಓದಿದ ಹುಡುಗರಲ್ಲಿ ಅರ್ಧಕ್ಕರ್ಧ ಇನ್ನೂ ತಾಯಿ ಕೈಯ ಊಟದಲ್ಲೇ ಇದ್ದಾರೆ, ತಲೆ ನೆರೆಯುತ್ತಿದೆ. ಹಾಗೆಂದು ಮಗಳನ್ನು ಚಿಲ್ಲರೆಯ ಹಾಗೆ ಎಣಿಸಿಕೊಡಲೇ?

ಮಾತು ಮುಗಿಸಲು ತಮ್ಮನ ಮನೆಗೆ ಹೊರಡಬೇಕಿದ್ದ ದಿನ ಮಧ್ಯಾಹ್ನ ಮಗಳು ಫ್ಯಾಕ್ಟರಿಯ ಬಾಗಿಲಲ್ಲಿ ಕೂತುಬಿಟ್ಟಳು.

"ನಾನು ಬರಲ್ಲ. ಅಲ್ಲಿ ಅತ್ತೆ ಮುಖ ನೋಡಿದೀನಿ. ಅಮ್ಮನ ಮುಖ ದಿನಾ ನೋಡ್ತೀನಿ."

ಗಂಡ ಅವಳ ಕಪಾಳಕ್ಕೆ ಹೊಡೆದ. ಅವಳು ಏಳಲಿಲ್ಲ. ಆಗ ಮಗ ಅವಳ ಜಡೆ ಹಿಡಿದ. "ನೀನು ಹೋಗ್ಲಿಲ್ಲ ಅಂದ್ರೆ ನಂಗ್ಯಾರು ಬರ್ತಾರೆ? ನಾನು ಹೀಗೇ ಸಾಯ್ಬೇಕಾ?" ಎನ್ನುತ್ತ, ನಾನು ಗಡ್ಡೆ ಎಳೆಯುವ ಅದೇ ನೆಲದ ಮೇಲೆ ತಂಗಿಯನ್ನು ಗಾಡಿಯ ಕಡೆಗೆ ಎಳೆದ. ಅವಳ ಮೊಣಕಾಲು ತರಚಿ ಐಸ್ ನೀರು ಕೆಂಪಾಯಿತು. ಎಳೆಯುತ್ತಲೇ ಅವಳ ಪಕ್ಕೆಗೆ ಒದ್ದ.

ನಾದಿನಿ ನೆನಪಾದಳು. ಇಲ್ಲವೆಂದರೆ ಸುಳ್ಳಾಗುತ್ತದೆ. ತಪ್ಪಾಯ್ತು ಕಣೇ ಎಂದು ಮನಸ್ಸಿನಲ್ಲೇ ಅಂದುಕೊಂಡು ಕೊಕ್ಕೆ ಎತ್ತಿದೆ. ಅದರ ಕಬ್ಬಿಣದ ಬೆನ್ನಿನಿಂದ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನ ಮುಂಗೈಗೆ ಬೀಸಿ ಹೊಡೆದೆ. ಜಡೆ ಬಿಡಲಿಲ್ಲ. ಇನ್ನೊಮ್ಮೆ ಹೊಡೆದೆ. ಮೂಳೆ ಲಟಕ್ಕೆಂದಿತು. "ಅಮ್ಮಾ" ಎಂದು ಕೂಗಿ ಅವನು ಕುಸಿದ. ಆದರೂ ಕೊಕ್ಕೆ ಕೆಳಗಿಡಲಿಲ್ಲ.

ಗಂಡ ಮುಷ್ಟಿ ಬಿಗಿದು ಬಂದ. ನಾನು ಕೊಕ್ಕೆಯ ಮೊನೆಯನ್ನು ಅವನ ಕಡೆ ತಿರುಗಿಸಿದೆ. ಎರಡು ಹೆಜ್ಜೆ ಹಿಂದೆ ಸರಿದವನ ಮುಖದಲ್ಲಿ ಒಂದು ನಗು ಬಂತು. ಆ ನಗು ನನಗೆ ಗೊತ್ತು. ಜೇಬಿನಿಂದ ಫೋನ್ ತೆಗೆದು ಸ್ಪೀಕರ್ ಹಾಕಿದ.

"ನಿಮ್ಮಕ್ಕ ನನ್ನ ಮಗನ ಕೈ ಮುರಿದ್ಲು ಕಣೋ. ಕೊಕ್ಕೇಲಿ ಹೊಡೆದ್ಲು. ಈಗ ನಂಗೇ ತೋರಿಸ್ತಿದ್ದಾಳೆ. ನಿನ್ನ ಹೆಂಡ್ತಿ ನನ್ನ ತಂಗಿ ಅಂತ ನೋಡ್ಬೇಡ. ಇವಳಿಗೆ ಬುದ್ಧಿ ಬರ್ಬೇಕು, ಹಾಕು."

"ಬೇಡ ಕಣೋ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ನಾನು ಫೋನಿನತ್ತ ಕಿರುಚಿದೆ.

"ಲೈನಲ್ಲೇ ಇರಿ ಭಾವ" ಎಂದ ತಮ್ಮ. ಅವನೂ ಸ್ಪೀಕರ್ ಹಾಕಿದ್ದ, ಅವನ ಅಂಗಡಿಯ ಫ್ಯಾನ್ ಸದ್ದು ಕೇಳುತ್ತಿತ್ತು. ಎಂದಮೇಲೆ ನಾನು ಕೈ ಎತ್ತಿದ ಸುದ್ದಿ ಅವಳ ಕಿವಿಗೂ ಬಿದ್ದಿರಬೇಕು. ಸ್ಟೂಲ್ ಉರುಳಿತು. ಒಂದು ಏಟು, ಅವಳ ನರಳಾಟ. ಇನ್ನೊಂದು ಏಟು. ಮಗಳು ಕಿವಿ ಮುಚ್ಚಿಕೊಂಡಳು.

ಆಮೇಲೆ ಒದ್ದೆ ಬಟ್ಟೆಗೆ ಇಸ್ತ್ರಿ ತಾಗಿದಾಗಿನ ಚುಂಯ್ ಸದ್ದು, ಅದರ ಹಿಂದೆಯೇ ಒಂದು ಚೀತ್ಕಾರ. ನಾದಿನಿಯ ಕೂಗು ನನಗೆ ಬಾಯಿಪಾಠ, ಇದು ಅವಳದಲ್ಲ. ಚಿಕ್ಕವನಿದ್ದಾಗ ಮರದಿಂದ ಬಿದ್ದು ನನ್ನ ತಮ್ಮ ಹೀಗೆಯೇ ಕೂಗಿದ್ದ. ಬಹಳ ಹೊತ್ತಿನವರೆಗೆ ಈ ಕೂಗು ನಿಲ್ಲಲಿಲ್ಲ.

"ಅತ್ತಿಗೆ, ಇದ್ದೀರಾ?" ನಾದಿನಿ ಏದುಸಿರು ಬಿಡುತ್ತಿದ್ದಳು.

"ಇದ್ದೀನಿ ಕಣೇ."

"ಐಸ್ ಕಳಿಸಿ. ಈ ಸಲ ನನಗಲ್ಲ."

ಗಂಡ ಕೈಯಲ್ಲಿದ್ದ ಫೋನನ್ನೇ ನೋಡುತ್ತ ನಿಂತ. ಮಗಳು ಕುಂಟುತ್ತ ಹೋಗಿ ಗೋಣಿ ತಂದು ಬಾಯಿ ಬಿಡಿಸಿ ಹಿಡಿದಳು. ನಾನು ಕೊಕ್ಕೆಯ ಮೊನೆಯಿಂದ ಒಂದು ಗಡ್ಡೆಯನ್ನು ಎರಡು ಪಾಲು ಮಾಡಿ, ಒಂದನ್ನು ನನ್ನ ಮಗನ ಕೈಗೆ ಒತ್ತಿ ಹಿಡಿದೆ, ಇನ್ನೊಂದನ್ನು ನನ್ನ ತಮ್ಮನಿಗೆಂದು ಗೋಣಿಗೆ ಹಾಕಿದೆ.